ಇವಾನ್ಸ್ ಗ್ಯಾಂಬಿಟ್: ವಜೀರ ಡಿ4ಕ್ಕೆ ಯಾಕೆ ಬಂದ?

ಭಾನುವಾರ ಕಲಬುರಗಿಯ ಚೆಸ್ ಟೂರ್ನಮೆಂಟ್‌ನಲ್ಲಿ ಬಿಳಿ ಕಾಯಿ ಹಿಡಿದು ಇವಾನ್ಸ್ ಗ್ಯಾಂಬಿಟ್ (ಶುರುವಿನಲ್ಲೇ ಒಂದು ಪ್ಯಾದೆ ಕೊಟ್ಟು ಮುನ್ನುಗ್ಗುವ ಆರಂಭ) ಆಡಿದೆ, ಸೋತೆ. ಸೇಡಂ ಬಸ್ಸಿನಲ್ಲಿ ವಾಪಸ್ ಬರುವಾಗ ಮೊಬೈಲಿನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಕಾಸ್ಪರೋವ್ ಬಿಳಿ ಕಾಯಿ ಹಿಡಿದು ನಮ್ಮ ವಿಶ್ವನಾಥನ್ ಆನಂದ್ ವಿರುದ್ಧ ಆಡಿದ ಆಟ ತೆಗೆದೆ. ರಿಗಾ, 1995. ನೋಡಿದರೆ ಮೊದಲ ಏಳು ನಡೆ ನಮ್ಮದೇ ಆಟ! ಎಂಟರಲ್ಲಿ ನಾನು ದಾರಿ ತಪ್ಪಿದ್ದೆ.

(ನಮ್ಮ ಮನೆಯಲ್ಲಿ ಬಿಷಪ್‌ಗೆ ಒಂಟೆ, ಕ್ವೀನ್‌ಗೆ ವಜೀರ, ಪಾನ್‌ಗೆ ಪ್ಯಾದೆ ಅಂತೀವಿ. ರೂಕ್‌ಗೆ ಆನೆ. ಹಾಗೇ ಬರೆಯುತ್ತೇನೆ. ಇ4, ಎಫ್3 ಎಲ್ಲ ಹಲಗೆಯ ಮನೆಗಳ ಹೆಸರು: ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು. ಕಾಯಿ ಹೆಸರಿಲ್ಲದಿದ್ದರೆ ಅದು ಪ್ಯಾದೆಯ ನಡೆ. ಮೊದಲು ಬಿಳಿ, ಆಮೇಲೆ ಕಪ್ಪು.)

ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಒಂಟೆ ಸಿ5. ಈಗ ಬಿ4, ಅಂದ್ರೆ ಒಂದು ಪ್ಯಾದೆ ಪುಕ್ಕಟೆ. ಕಪ್ಪು ಒಂಟೆ ಅದನ್ನು ತಿಂದರೆ ಸಿ3 ಆಡಿ ಓಡಿಸಿ, ಡಿ4 ತಳ್ಳೋದು. ಒಂಟೆ ಇ7ಕ್ಕೆ ಹೋಯಿತು, ನಾನು ಡಿ4. ಕುದುರೆ ಎ5ಕ್ಕೆ ಹಾರಿ ನನ್ನ ಒಂಟೆಯನ್ನು ಮುಟ್ಟಿತು, ನಾನು ಇ2ಕ್ಕೆ ಸರಿಸಿದೆ. ಇ5 ಪ್ಯಾದೆ ಡಿ4 ತಿಂದಿತು.

ನಾನು ಸುಮ್ನೆ ಸಿ ಪ್ಯಾದೆಯಿಂದ ತಿಂದೆ. ನಡುವೆ ಜೋಡಿ ಪ್ಯಾದೆ, ಚೆಂದ ಅಲ್ವಾ? ನನ್ನೆದುರು ಕೂತಿದ್ದ ಹುಡುಗ ತಕ್ಷಣ ಡಿ5 ತಳ್ಳಿದ. ತಿಂದರೆ ಜೋಡಿ ಒಡೆಯುತ್ತದೆ. ಇ5ಕ್ಕೆ ತಳ್ಳಿದರೆ ಅವನ ಕುದುರೆಗೆ ಸಿ4 ಮನೆ ಸಿಗುತ್ತದೆ. ಕೊಟ್ಟ ಪ್ಯಾದೆಯಂತೂ ಹೋಗೇ ಹೋಯಿತು.

ಕಾಸ್ಪರೋವ್ ವಜೀರನಿಂದಲೇ ತಿಂದರು. ಇದೇ ನನ್ನ ತಲೆಗೆ ಹತ್ತಲಿಲ್ಲ. ವಜೀರನನ್ನು ಬೇಗ ಹೊರಗೆ ತರಬೇಡ ಅಂತ ಎಲ್ಲರೂ ಹೇಳಿಕೊಟ್ಟದ್ದೇ ಅಲ್ವಾ? ಚಿತ್ತಾಪುರ ದಾಟಿದ ಮೇಲೆ ಹೊಳೆಯಿತು: ಆ ಕುದುರೆ ಎಲ್ಲಿದೆ ನೋಡಿ. ಎ5ರಲ್ಲಿ! ಸಿ6ರಲ್ಲೇ ಇದ್ದಿದ್ದರೆ ವಜೀರನನ್ನೇ ತಿಂದುಬಿಡುತ್ತಿತ್ತು. ಈಗ ವಾಪಸ್ ಬರೋಕೆ ಒಂದು ನಡೆ ದಂಡ. ಅಷ್ಟರಲ್ಲಿ ವಜೀರನ ಕಣ್ಣು ಜಿ7ರ ಮೇಲೆ. ಆನಂದ್ ಕುದುರೆ ಎಫ್6, ಕಾಸ್ಪರೋವ್ ಇ5. ಎ5 ಕುದುರೆ ಸಿ6ಕ್ಕೆ ಮರಳಿತು, ವಜೀರ ಎಚ್4ಕ್ಕೆ. ಎಫ್6 ಕುದುರೆ ಡಿ5ಕ್ಕೆ ಹಾರಿದಾಗ ಹಿಂದಿದ್ದ ಇ7 ಒಂಟೆ ವಜೀರನ ಮೇಲೆ ಬಿತ್ತು, ಅವನು ಜಿ3ಕ್ಕೆ ಸರಿದ. ಮತ್ತೆ ಜಿ7ರ ಮೇಲೇ ಕಣ್ಣು! ಈಗ ಕಪ್ಪು ಕ್ಯಾಸಲ್ ಮಾಡಿದರೆ (ರಾಜನನ್ನು ಆನೆಯ ಜೊತೆ ಮೂಲೆ ಕಡೆ ಸೇರಿಸಿದರೆ) ಬಿಳಿ ಒಂಟೆ ಎಚ್6. ಮುಂದಿನ ನಡೆಯಲ್ಲೇ ವಜೀರ ಜಿ7 ತಿಂದು ಮೇಟ್ (ರಾಜನಿಗೆ ದಾರಿಯೇ ಇಲ್ಲ, ಆಟ ಮುಗಿಯಿತು) ಬೆದರಿಕೆ, ಜಿ6 ಆಡಿ ತಡೆದರೆ ಎಫ್8ರ ಆನೆ ಹೋಗುತ್ತದೆ. ಅದಕ್ಕೇ ಆನಂದ್ ಕ್ಯಾಸಲ್ ಬಿಟ್ಟು ಜಿ6 ಆಡಿದರು. 15ನೇ ನಡೆಯಲ್ಲಿ ಆ ಒಂಟೆ ಎಚ್6ಕ್ಕೆ ಬಂದೇ ಬಂತು. ರಾಜ ನಡುವೆಯೇ ಉಳಿದ.

ಮಿಕ್ಕದ್ದು ಬೇಗ ಮುಗಿಯಿತು. 18ರಲ್ಲಿ ಕಾಸ್ಪರೋವ್ ಸಿ5 ತಳ್ಳಿದ್ದು ಚೆನ್ನಾಗಿದೆ, 25ಕ್ಕೆ ಆನಂದ್ ಸೋಲೊಪ್ಪಿದರು.

ಒಂದು ಮಾತು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ: ಕಪ್ಪು ಒಂಟೆ ಇ7 ಬದಲು ಎ5ಕ್ಕೆ ಹೋದರೆ ವಜೀರನಿಂದ ಡಿ4 ತಿನ್ನುವ ಈ ಉಪಾಯ ನಡೆಯಲ್ಲ. ಆ ಮನೆಯಲ್ಲಿ ಒಂಟೆ ಕೂತಿರುತ್ತದೆ, ಕುದುರೆ ಸಿ6 ಬಿಟ್ಟು ಕದಲಲ್ಲ.