ನಾಯಿಯ ಹೃದಯದ ಹುಳ ಮನುಷ್ಯರಿಗೂ ಬರುತ್ತಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಲ್ಯಾಬ್ರಡಾರ್ ಇದೆ. ನಾಯಿಗಳಿಗೆ ಹೃದಯದಲ್ಲಿ ಹುಳ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳಿದರು. ಮಗಳು ದಿನಾ ಅದನ್ನು ತಬ್ಬಿಕೊಂಡೇ ಮಲಗೋದು. ಅವಳಿಗೂ ಬರುತ್ತಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ತಬ್ಬಿಕೊಂಡರೆ ಬರಲ್ಲ, ನಾಯಿ ನೆಕ್ಕಿದರೂ ಬರಲ್ಲ. ಡೈರೋಫೈಲೇರಿಯಾ ಎಂಬ ಈ ಹುಳ ಹರಡುವುದು ಸೊಳ್ಳೆಯಿಂದ. ನಾಯಿಯ ಮೈ ಸೇರಿದ ಮರಿ ಬೆಳೆಯಲು ಆರೇಳು ತಿಂಗಳು ಬೇಕು. ಬೆಳೆದ ಹೆಣ್ಣು ಹುಳ ಸುಮಾರು 30 ಸೆಂ.ಮೀ. ಉದ್ದ, ಮಕ್ಕಳ ಕಂಪಾಸ್ ಬಾಕ್ಸಿಗೆ ಹಿಡಿಸದ ದೊಡ್ಡ ಸ್ಕೇಲ್ ಇರುತ್ತಲ್ಲ, ಅಷ್ಟು! ಅದು ಶ್ವಾಸಕೋಶದ ರಕ್ತನಾಳದಲ್ಲಿ ಇರುತ್ತದೆ. ಜಾಸ್ತಿಯಾದರೆ ಹೃದಯದ ಬಲಭಾಗಕ್ಕೂ ಇಳಿಯುತ್ತದೆ.

ಆ ಸೊಳ್ಳೆ ನಮಗೂ ಕಚ್ಚಬಹುದು. ಆದರೆ ಮನುಷ್ಯರ ಮೈ ಈ ಹುಳಕ್ಕೆ ಒಗ್ಗಲ್ಲ, ಮರಿಗಳು ಬೆಳೆಯದೆ ಸಾಯುತ್ತವೆ. ಅಪರೂಪಕ್ಕೆ ಒಂದು ಶ್ವಾಸಕೋಶದಲ್ಲಿ ಸತ್ತು, ಎಕ್ಸ್‌ರೇಯಲ್ಲಿ ದುಂಡನೆಯ ಕಲೆಯಾಗಿ ಕಾಣುತ್ತದೆ. ಕ್ಯಾನ್ಸರ್ ಇರಬಹುದೇನೋ ಅಂತ ಗಾಬರಿ ಹುಟ್ಟಿಸುವುದು ಆಗಲೇ.

ನನ್ನ ಕೇಳಿದರೆ, ನೀವು ಯೋಚಿಸಬೇಕಾದ ಹುಳ ಬೇರೆ. ಎಕಿನೋಕಾಕಸ್ ಅಂತ, ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳ. ನಾಯಿಯ ಕರುಳಲ್ಲಿರುತ್ತದೆ, ನಾಯಿ ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ. ಮಲದಲ್ಲಿ ಬಂದ ಮೊಟ್ಟೆ ಕೂದಲಿಗೆ ಅಂಟಿ, ಅಲ್ಲಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗಬಹುದು. ನಮ್ಮೊಳಗೆ ಅದು ನೀರು ತುಂಬಿದ ಹೈಡಾಟಿಡ್ ಗುಳ್ಳೆ ಆಗುತ್ತದೆ. ಹೆಚ್ಚಾಗಿ ಲಿವರ್‌ನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ಹೃದಯದಲ್ಲಿ ಆಗುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. ಆದರೆ ಅಲ್ಲಿ ಆಯಿತೆಂದರೆ ಕಷ್ಟ. ವರ್ಷಗಟ್ಟಲೆ ಸುಮ್ನೆ ಬೆಳೆಯುತ್ತದೆ, ಒಡೆದರೆ ಜೀವಕ್ಕೇ ಅಪಾಯ. ಎಕೋ (ಹೃದಯದ ಸ್ಕ್ಯಾನ್) ಮಾಡಿದರೆ ಕಾಣುತ್ತದೆ, ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ. ಶಾಲೆಯಲ್ಲಿ ಕೊಡುವ ಒಂದು ಆಲ್ಬೆಂಡಜೋಲ್ ಮಾತ್ರೆ ಹೊಟ್ಟೆಹುಳಕ್ಕೆ ಸರಿ, ಇದಕ್ಕೆ ಸಾಲದು.

ನಾಯಿಗೆ ಇದು ಎಲ್ಲಿಂದ ಬರುತ್ತೆ? ಭಾನುವಾರ ಬೆಳಗ್ಗೆ ಮಟನ್ ಅಂಗಡಿ ಮುಂದೆ ನಾಯಿಗಳು ಕಾದು ಕೂತಿರುತ್ತವಲ್ಲ, ಅಲ್ಲಿಂದಲೂ ಬರಬಹುದು. ಕುರಿಯ ಲಿವರ್‌ನಲ್ಲಿ ಗುಳ್ಳೆ ಇದ್ದರೆ ಗಿರಾಕಿ ಒಪ್ಪಲ್ಲ. ಆ ತುಂಡನ್ನು ಕೊಯ್ದು ಬೀದಿಗೆ ಎಸೆದರೆ, ಅದರೊಳಗಿನ ಹುಳದ ಮರಿಗಳು ನೇರ ನಾಯಿಯ ಹೊಟ್ಟೆಗೆ.

ಹಾಗಾಗಿ ಮನೆ ನಾಯಿಗೆ ಹಸಿ ಲಿವರ್, ಬೋಟಿ ಹಾಕಬೇಡಿ, ಚೆನ್ನಾಗಿ ಬೇಯಿಸಿ ಹಾಕಿ. ಹುಳದ ಮಾತ್ರೆಯಲ್ಲಿ ಲಾಡಿಹುಳ ಕೊಲ್ಲುವ ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಇದೆಯಾ, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಅಂತ ಪಶುವೈದ್ಯರನ್ನು ಕೇಳಿ. ಎಲ್ಲ ಹುಳದ ಮಾತ್ರೆಯಲ್ಲೂ ಅದು ಇರಲ್ಲ. ಮಗಳು ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಲಿ. ತಬ್ಬಿಕೊಂಡು ಮಲಗೋದನ್ನು ಬಿಡಿಸೋದು, ಬಿಡೋದು ನಿಮಗೆ ಬಿಟ್ಟಿದ್ದು.