ಫೋಟೋರಿಫ್ರಾಕ್ಟಿವ್: ಕಪ್ಪಾಗುವ ಕನ್ನಡಕಕ್ಕೂ ಇದಕ್ಕೂ ಸಂಬಂಧವಿಲ್ಲ

ಹಾಸನದ ಕಡೆ ಕಾಲೇಜುಗಳ ವಿಜ್ಞಾನ ಪ್ರದರ್ಶನದಲ್ಲಿ ‘ಫೋಟೋರಿಫ್ರಾಕ್ಟಿವ್’ ಅಂತ ಬರೆದು ಪಕ್ಕದಲ್ಲಿ ಬಿಸಿಲಿಗೆ ಕಪ್ಪಾಗುವ ಕನ್ನಡಕದ ಚಿತ್ರ ಅಂಟಿಸುವುದು ಇನ್ನಾದರೂ ನಿಲ್ಲಲಿ. ಫೋಟೋರಿಫ್ರಾಕ್ಟಿವ್ ಎಂದರೆ ಬೆಳಕು ಬಿದ್ದಾಗ ಬೆಳಕನ್ನು ಬಾಗಿಸುವ ಗುಣವೇ ಬದಲಾಗುವ ಹರಳು. ಆ ಕನ್ನಡಕ ಫೋಟೋಕ್ರೋಮಿಕ್, ಅಲ್ಲಿ ಬದಲಾಗುವುದು ಬೆಳಕನ್ನು ಹೀರುವ ಪ್ರಮಾಣ. ಈಗಿನ ಪ್ಲಾಸ್ಟಿಕ್ ಲೆನ್ಸಿನಲ್ಲಿ ಹರಳೇ ಇರುವುದಿಲ್ಲ, ಇರುವುದು ಸಾವಯವ ಬಣ್ಣದ ಅಣು. ಅತಿನೇರಳೆ ಕಿರಣಕ್ಕೆ ಅದರ ಆಕಾರ ಬದಲಾಗಿ ಲೆನ್ಸ್ ಕಪ್ಪಾಗುತ್ತದೆ, ಶಾಖಕ್ಕೆ ಮತ್ತೆ ತಿಳಿಯಾಗುತ್ತದೆ. ಮುಳ್ಳಯ್ಯನಗಿರಿಯ ಚಳಿಯಲ್ಲಿ ಗಾಢವಾಗುವ ಕನ್ನಡಕ ಕಾರಿನೊಳಗೆ ಅಷ್ಟಾಗಿ ಕಪ್ಪಾಗದಿದ್ದರೆ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಮುಂದಿನ ಗಾಜು ಅತಿನೇರಳೆಯನ್ನು ತಡೆಯುತ್ತದೆ.

ಫೋಟೋರಿಫ್ರಾಕ್ಟಿವ್ ಹರಳಿನಲ್ಲಿ ಬದಲಾಗುವುದು ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ. ಕಬ್ಬಿಣ ಬೆರೆಸಿದ ಲೀಥಿಯಂ ನಿಯೋಬೇಟ್ ಎಂಬ ಹರಳನ್ನೇ ತೆಗೆದುಕೊಳ್ಳಿ. ಬೆಳಕು ಬಿದ್ದ ಕಡೆ ಎರಡು ಧನಾವೇಶದ ಕಬ್ಬಿಣದಿಂದ ಎಲೆಕ್ಟ್ರಾನ್ ಬಿಡುಗಡೆಯಾಗಿ ಸರಿಯುತ್ತದೆ, ಕತ್ತಲ ಕಡೆಯ ಮೂರು ಧನಾವೇಶದ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಿಂದ ಒಳಗೇ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ, ಆ ಕ್ಷೇತ್ರಕ್ಕೆ ತಕ್ಕಂತೆ ಸೂಚ್ಯಂಕ ಬದಲಾಗುತ್ತದೆ, ಇದನ್ನು ಪೋಕೆಲ್ಸ್ ಪರಿಣಾಮ ಎನ್ನುತ್ತಾರೆ. 2.2ರ ಆಸುಪಾಸಿನ ಸೂಚ್ಯಂಕದಲ್ಲಿ ವ್ಯತ್ಯಾಸ 0.0001ರಷ್ಟು ಮಾತ್ರ, ಹೊಲೊಗ್ರಾಂ ಬರೆಯಲು ಅಷ್ಟು ಸಾಕು. ಬೆಳಕು ಎಲ್ಲೆಡೆ ಒಂದೇ ಸಮ ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ.

ಇನ್ನೊಂದು ಗೊಂದಲಕ್ಕೆ ಹಳೆಯ ಹೆಸರೇ ಕಾರಣ. 1966ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನವರು ಈ ಪರಿಣಾಮವನ್ನು ವರದಿ ಮಾಡಿದಾಗ ‘ಆಪ್ಟಿಕಲ್ ಡ್ಯಾಮೇಜ್’ (ಬೆಳಕಿನಿಂದಾದ ಹಾನಿ) ಎಂದೇ ಕರೆದಿದ್ದರು. ಹಾಗಾಗಿ ಹಸಿರು ಲೇಸರ್ ಹಾಯಿಸಿದಾಗ ಕಿರಣದ ಚುಕ್ಕೆ ಹರಳಿನ ಸಿ-ಅಕ್ಷದ (ಹರಳಿನ ರಚನೆಯ ಮುಖ್ಯ ಅಕ್ಷ) ದಿಕ್ಕಿಗೆ ಎಳೆದುಕೊಂಡು ಹರಡಿದರೆ, ‘ಹರಳು ಸುಟ್ಟುಹೋಯ್ತು’ ಅಂತ ಕಸಕ್ಕೆ ಹಾಕುವವರು ಈಗಲೂ ಇದ್ದಾರೆ. ಮೊದಲು ಭೂತಗನ್ನಡಿ ಹಿಡಿದು ನೋಡಿ. ಮೇಲ್ಮೈಯಲ್ಲಿ ಗುಳಿ, ಒಳಗೆ ಬಿರುಕು ಇದ್ದರೆ ಮಾತ್ರ ಅದು ಸುಟ್ಟಿದ್ದು. ಎರಡೂ ಇಲ್ಲದಿದ್ದರೆ ಓವನ್‌ನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆವೇಶಗಳು ಮೊದಲಿನಂತೆ ಹಂಚಿಹೋಗಿ ಹರಳು ಸರಿಯಾಗುತ್ತದೆ. ಕಾಯಿಸುವುದೂ ತಣಿಸುವುದೂ ನಿಧಾನವಾಗಿರಲಿ. ಈ ಹರಳು ಉಷ್ಣತೆ ಬದಲಾದರೆ ತಾನೇ ವಿದ್ಯುದಾವೇಶ ತೋರಿಸುವ ಜಾತಿಯದು, ಅವಸರ ಮಾಡಿದರೆ ಸೀಳುತ್ತದೆ.

ಹಸಿರು ಲೇಸರ್ ತಯಾರಿಸುವ ಕೆಲಸಕ್ಕಾದರೆ ಸುಮಾರು 5 ಮೋಲ್ ಶೇಕಡಾ ಮೆಗ್ನೀಷಿಯಂ ಆಕ್ಸೈಡ್ ಬೆರೆಸಿದ ಹರಳನ್ನೇ ಕೇಳಿ ತರಿಸಿ, ಚುಕ್ಕೆ ಹರಡುವ ಈ ಕಾಟ ಬಹುಪಾಲು ತಪ್ಪುತ್ತದೆ. ಹೊಲೊಗ್ರಾಂ ಬರೆಯುವವರು ಅದನ್ನೇ ತರಿಸಿಕೊಂಡು ಏನೂ ಮೂಡುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವುದೂ ಉಂಟು. ಅವರಿಗೆ ಬೇಕಾದದ್ದು ಕಬ್ಬಿಣ ಬೆರೆಸಿದ್ದು.