ಚೆಂಡೆ ಕೇಳಿ ಬೆಳೆದವರು ಡ್ರಮ್ ಕಲಿಯುವಾಗ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯವರಿಗೆ ಡ್ರಮ್ ಕಲಿಯಲು ಒಂದು ಅನುಕೂಲ ಇದೆ. ನಾವು ಯಕ್ಷಗಾನ ಆಟ ನೋಡಿ ಬೆಳೆದವರು. ಭಾಗವತರು ಪದ ಎತ್ತಿದರೆ ಮದ್ದಳೆ ಜೊತೆಗೆ ಹೋಗುತ್ತದೆ. ಯುದ್ಧದ ಪದ, ಜೋರು ಕುಣಿತ ಬಂದರೆ ಚೆಂಡೆ ಏರುತ್ತದೆ. ವೇಷಧಾರಿ ಅರ್ಥ ಹೇಳಲು ಶುರು ಮಾಡಿದರೆ ಚೆಂಡೆ ಸುಮ್ಮನಾಗುತ್ತದೆ. ಎಲ್ಲಿ ಬಾರಿಸಬೇಕು, ಎಲ್ಲಿ ಬಿಡಬೇಕು ಅನ್ನುವುದು ನಮ್ಮ ಕಿವಿಗೆ ಆಗಲೇ ಗೊತ್ತು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಆಟದಲ್ಲಿ ತಾಳ ಭಾಗವತರ ಜಾಗಟೆಯಲ್ಲಿದೆ. ರಾಕ್ ಬ್ಯಾಂಡಿನಲ್ಲಿ ಹಾಡುವವರ ಕೈಯಲ್ಲಿ ತಾಳ ಇಲ್ಲ. ಗಿಟಾರ್, ಬೇಸ್ ಗಿಟಾರ್, ಹಾಡು ಎಲ್ಲವೂ ಡ್ರಮ್ಮರ್‌ನನ್ನು ನಂಬಿಕೊಂಡೇ ಹೋಗುತ್ತವೆ. ಹಾಗಾಗಿ ಒಳ್ಳೆಯ ಡ್ರಮ್ಮರ್ ಚೆಂಡೆಯವನೂ ಹೌದು, ಅರ್ಧ ಭಾಗವತನೂ ಹೌದು. ನನ್ನ ಪ್ರಕಾರ ಮೊದಲು ಕಲಿಯಬೇಕಾದ್ದು ಆ ಭಾಗವತಿಕೆಯನ್ನೇ.

ಸಾಮಾನ್ಯ ರಾಕ್ ಹಾಡಿಗೆ ನಾಲ್ಕು ಎಣಿಕೆ. 1 ಮತ್ತು 3ಕ್ಕೆ ಬಲಗಾಲಿನಿಂದ ಬೇಸ್ ಡ್ರಮ್, ಅಂದರೆ ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್. 2 ಮತ್ತು 4ಕ್ಕೆ ಎಡಗೈಯಿಂದ ಸ್ನೇರ್, ಅಂದರೆ ಚುರುಕು ಶಬ್ದದ ಸಣ್ಣ ಡ್ರಮ್. ಬಲಗೈ ಹೈ-ಹ್ಯಾಟ್ (ಒಂದರ ಮೇಲೊಂದು ಇಟ್ಟ ಎರಡು ಲೋಹದ ತಟ್ಟೆ) ಮೇಲೆ ಎಂಟು ಪೆಟ್ಟು ಹಾಕುತ್ತಾ ಇರುತ್ತದೆ. ನಾವು ತಾಳ ಹಾಕುವಾಗ ಮೊದಲ ಪೆಟ್ಟಿಗೇ ಒತ್ತು ಕೊಡುತ್ತೇವೆ, ಅಲ್ವಾ? ಇಲ್ಲಿ ಜೋರಾಗಿ ಕೇಳುವುದು 2 ಮತ್ತು 4. ಇದು ಮೈಗೆ ಹತ್ತಲು ನನಗೆ ತಿಂಗಳುಗಳೇ ಬೇಕಾದವು.

ಇನ್ನು ಪೆಟ್ಟಿನ ತೂಕ. ಕೈಕಾಲು ನಾಲ್ಕೂ ಒಂದೇ ಜೋರಿನಲ್ಲಿ ಬಿದ್ದರೆ ಬರೀ ಗದ್ದಲ. ಕಲಿಯುವವರು ಹೈ-ಹ್ಯಾಟ್ ಜಾಸ್ತಿ ಬಾರಿಸುತ್ತಾರೆ, ಬೇಸ್ ಡ್ರಮ್ ಕೇಳುವುದೇ ಇಲ್ಲ. ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಅವರ ಹಳೆಯ ವಿಡಿಯೋ ಹುಡುಕಿ, ಬಲಗೈಯನ್ನೇ ನೋಡಿ. ಸ್ನೇರ್‌ಗೆ ಪೆಟ್ಟು ಬೀಳುವಾಗ ಅವರು ಹೆಚ್ಚಾಗಿ ಹೈ-ಹ್ಯಾಟಿನಿಂದ ಕೈ ಎತ್ತಿಬಿಡುತ್ತಾರೆ. ಆ ಕ್ಷಣ ಸ್ನೇರ್ ಒಂದೇ ಕೇಳುತ್ತದೆ. ಒಂದು ಪೆಟ್ಟು ಬಿಟ್ಟು ಇನ್ನೊಂದಕ್ಕೆ ಜಾಗ ಮಾಡಿಕೊಡುವುದು ಎಷ್ಟು ಚಂದ! 1963ರಿಂದ 2021ರಲ್ಲಿ ತೀರಿಕೊಳ್ಳುವವರೆಗೂ ಅದೇ ಬ್ಯಾಂಡಿಗೆ ಬಾರಿಸಿದವರು ಅವರು.

ಜೋರಾಗಿ ಬಾರಿಸುವವರಲ್ಲಿ ಲೆಡ್ ಜೆಪ್ಪೆಲಿನ್‌ನ ಜಾನ್ ಬೋನಮ್ ಅವರನ್ನು ಕೇಳಲೇಬೇಕು. 1971ರಲ್ಲಿ ಬಂದ ‘ವೆನ್ ದ ಲೆವಿ ಬ್ರೇಕ್ಸ್’ ಹಾಡಿಗೆ ಇಂಗ್ಲೆಂಡಿನ ಒಂದು ಹಳೆಯ ಮನೆಯಲ್ಲಿ ಮೆಟ್ಟಿಲ ಕೆಳಗಿನ ಹಜಾರದಲ್ಲಿ ಡ್ರಮ್ ಇಟ್ಟು, ಮೇಲಿನಿಂದ ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದರು. ಶಬ್ದ ಗುಡುಗಿನ ಹಾಗಿದೆ. ಲಯ ಮಾತ್ರ ನಿಧಾನ, ಸರಳ, ಅಲುಗಾಡದ್ದು. 1980ರಲ್ಲಿ ಬೋನಮ್ ಸತ್ತಾಗ ಆ ಜಾಗಕ್ಕೆ ಬೇರೊಬ್ಬರನ್ನು ಕೂರಿಸದೆ ಬ್ಯಾಂಡನ್ನೇ ನಿಲ್ಲಿಸಿದರು.

ನಿಧಾನದ ಹಾಡೇ ಕಷ್ಟ. ನಿಮಿಷಕ್ಕೆ 120 ಎಣಿಕೆ ಇದ್ದರೆ ಎಣಿಕೆಗಳ ನಡುವೆ ಅರ್ಧ ಸೆಕೆಂಡ್. 60 ಇದ್ದರೆ ಇಡೀ ಒಂದು ಸೆಕೆಂಡ್. ಅಷ್ಟು ಖಾಲಿ ಜಾಗ ಕಂಡರೆ ಕೈ ಓಡುತ್ತದೆ. ಫಿಲ್, ಅಂದರೆ ಲಯದ ನಡುವೆ ತುಂಬಿಸುವ ಸಣ್ಣ ಅಲಂಕಾರದ ಪೆಟ್ಟುಗಳನ್ನು ಹಾಕುವಾಗಲಂತೂ ಖಂಡಿತ ಓಡುತ್ತದೆ.

ಅದಕ್ಕೆ ನಾನು ದಿನಾ ಮಾಡುವ ಅಭ್ಯಾಸ ಹೇಳುತ್ತೇನೆ. ಒಂದೇ ವೇಗದಲ್ಲಿ ಟಕ್ ಟಕ್ ಎನ್ನುವ ಫೋನಿನ ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕೆ ಇಡಿ. ಆ ಟಕ್ ಶಬ್ದವನ್ನು 2 ಮತ್ತು 4 ಅಂದುಕೊಳ್ಳಿ. ಆಗ ನೀವು ಬಾರಿಸುವುದು 80ರ ವೇಗದಲ್ಲಿ. 1 ಮತ್ತು 3ನ್ನು ಯಾರೂ ಹೇಳಿಕೊಡುವುದಿಲ್ಲ, ನೀವೇ ಹಿಡಿಯಬೇಕು. ಮೂರು ಸಲ ಸುಮ್ನೆ ಲಯ ಬಾರಿಸಿ, ನಾಲ್ಕನೆಯ ಸಲ ಒಂದು ಸಣ್ಣ ಫಿಲ್ ಹಾಕಿ. ಫಿಲ್ ಮುಗಿಸಿ ಬಂದಾಗ ನಿಮ್ಮ ಸ್ನೇರ್ ಪೆಟ್ಟಿನೊಳಗೆ ಟಕ್ ಮುಚ್ಚಿಹೋದರೆ ಸರಿಯಾಗಿದೆ. ಬೇರೆಯಾಗಿ ಕೇಳಿಸಿದರೆ ನಿಲ್ಲಿಸಿ, ಬಾಯಲ್ಲಿ ಎಣಿಸಿ, ಮತ್ತೆ ಶುರು ಮಾಡಿ.